ಒಂಟಿ ಸೆಲ್‌ನಲ್ಲಿ 23 ದಿನ ಇದ್ದು ಬಂದ ತಮ್ಮ ಬಾಗಿಲು ಹಾಕಲು ಬಿಡುತ್ತಿಲ್ಲ, ತಿಳಿದವರು ಹೇಳಿ

ಕುಶಾವತಿ_ತೋಟ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಬರೆಯುವುದು ಅಡಿಕೆ ರೇಟು, ಎಲೆಚುಕ್ಕಿ ರೋಗ, ಬೋರ್ಡೋ ಹೊಡೆಯುವ ಸಮಯ ಇಂಥದ್ದನ್ನೇ. ಇವತ್ತು ಮನೆಯ ವಿಷಯ. ಬರೆಯಲೋ ಬೇಡವೋ ಅಂತ ನಾಲ್ಕು ದಿನ ಯೋಚಿಸಿದೆ.

ನನ್ನ ಚಿಕ್ಕಪ್ಪನ ಮಗ, 26 ವರ್ಷ. ಬೇಲಿ ಜಗಳದಲ್ಲಿ ಕೈಕೈ ಮಿಲಾಯಿಸಿ ಕೇಸಾಯಿತು. ಜಾಮೀನು ಸಿಗುವಷ್ಟರಲ್ಲಿ ಐದು ತಿಂಗಳು ಒಳಗಿದ್ದ. ಅವನ ತಪ್ಪು ಇಲ್ಲ ಅಂತ ನಾನು ಹೇಳುತ್ತಿಲ್ಲ, ಅದನ್ನು ಕೋರ್ಟ್ ನೋಡಿಕೊಳ್ಳಲಿ. ಆದರೆ ಒಳಗೆ ನೀರು ಹಿಡಿಯುವ ವಿಷಯಕ್ಕೆ ಏನೋ ಗಲಾಟೆಯಾಗಿ ಇವನನ್ನು ಬ್ಯಾರಕ್‌ನಿಂದ ತೆಗೆದು ಒಂಟಿ ಸೆಲ್‌ಗೆ ಹಾಕಿದ್ದಾರೆ. 23 ದಿನ. ಯಾವ ಜೈಲು ಅಂತ ಇಲ್ಲಿ ಬರೆಯುವುದಿಲ್ಲ, ದಯವಿಟ್ಟು ಕೇಳಬೇಡಿ.

ಮನೆಗೆ ಬಂದು ಒಂದೂವರೆ ತಿಂಗಳಾಯಿತು. ಕೋಣೆಯಲ್ಲಿ ಮಲಗುವುದಿಲ್ಲ, ಜಗುಲಿಯಲ್ಲೇ ಮಲಗುತ್ತಾನೆ. ಚಳಿ ಇದ್ದರೂ ಬಾಗಿಲು ತೆರೆದೇ ಇರಬೇಕು. ಯಾರಾದರೂ ಸ್ಟೀಲ್ ತಟ್ಟೆ ನೆಲಕ್ಕಿಟ್ಟರೆ ಬೆಚ್ಚಿ ಎದ್ದು ನಿಲ್ಲುತ್ತಾನೆ. ಮಾತಾಡಿಸಿದರೆ ಉತ್ತರ ಬರಲು ಎಷ್ಟು ಹೊತ್ತಾಗುತ್ತದೆ ಅಂದರೆ, ಕೇಳಿದವರು ಮರೆತು ಬೇರೆ ಕೆಲಸಕ್ಕೆ ಹೋಗಿರುತ್ತಾರೆ. ಮೊನ್ನೆ ಬಚ್ಚಲಿಗೆ ಹೋಗಲು ನನ್ನ ಚಿಕ್ಕಮ್ಮನ ಹತ್ತಿರ ಅನುಮತಿ ಕೇಳಿದ. ಸ್ವಂತ ಅಮ್ಮನ ಹತ್ತಿರ. ಅವರು ಅಡುಗೆಮನೆಗೆ ಹೋಗಿ ಅತ್ತರು.

"ಹೊಡೆದರೇನೋ?" ಅಂತ ಕೇಳಿದೆ. "ಇಲ್ಲ ಅಣ್ಣ, ಯಾರೂ ಮುಟ್ಟಲಿಲ್ಲ" ಅಂದ. ಊಟ ಕೊಟ್ಟಿದ್ದಾರೆ, ಹೊಡೆದಿಲ್ಲ, ಮತ್ತೇನು ಕಷ್ಟ ಅಂತ ಚಿಕ್ಕಪ್ಪ ಕೇಳುತ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ. ಹೀಗಾಗುವುದು ಉಂಟಾ? ಹೀಗೆ ಇಡಲು ಕಾನೂನಿನಲ್ಲಿ ಅವಕಾಶ ಇದೆಯಾ? ನಾವೀಗ ಏನು ಮಾಡಬೇಕು?

ಹಿನ್ನೀರಿನವ (ಹೊಸನಗರ)

ಬೇಜಾರು ಮಾಡಿಕೊಳ್ಳಬೇಡಿ, ನನಗೆ ಅನಿಸಿದ್ದು ಹೇಳುತ್ತೇನೆ. ನಮ್ಮ ಅಜ್ಜಿ ಒಂಟಿ ಮನೆಯಲ್ಲಿ ಹನ್ನೊಂದು ವರ್ಷ ಒಬ್ಬರೇ ಇದ್ದರು. ಪಕ್ಕದ ಮನೆ ಅಂದರೆ ಗುಡ್ಡ ಹತ್ತಿ ಇಳಿಯಬೇಕು. ಮಳೆಗಾಲದಲ್ಲಿ ಕರೆಂಟ್ ಇಲ್ಲ, ಫೋನ್ ಇಲ್ಲ, ವಾರಗಟ್ಟಲೆ ಮನುಷ್ಯರ ಮುಖ ಇಲ್ಲ. ಅವರಿಗೆ ಏನೂ ಆಗಲಿಲ್ಲ. ಮಲೆನಾಡಿನ ಅರ್ಧ ಜನ ಹೀಗೇ ಬದುಕಿದವರು ಅಲ್ವಾ? 23 ದಿನಕ್ಕೆ ಹುಡುಗ ಇಷ್ಟು ಕುಗ್ಗುತ್ತಾನಾ? ಬೇರೆ ಏನೋ ಆಗಿರಬೇಕು, ಸರಿಯಾಗಿ ವಿಚಾರಿಸಿ.

ಬಿಳಿ_ಕೋಟು (ಶಿವಮೊಗ್ಗ)

ನಾನು ಮಾನಸಿಕ ಆರೋಗ್ಯ ವಿಭಾಗದಲ್ಲಿ ನರ್ಸ್. ಹೊಸನಗರದ ಅಣ್ಣ, ನಿಮ್ಮ ಅಜ್ಜಿಯ ಮನೆಯ ಚಿಲಕ ಒಳಗಡೆ ಇತ್ತು. ಈ ಹುಡುಗನ ಬಾಗಿಲಿಗೆ ಚಿಲಕ ಹೊರಗಡೆ ಇತ್ತು. ವ್ಯತ್ಯಾಸ ಪೂರ್ತಿ ಅಲ್ಲೇ ಇದೆ. ಅಜ್ಜಿಗೆ ದನ ಇತ್ತು, ಒಲೆ ಇತ್ತು, ಬೈದರೆ ಕಿವಿ ನಿಮಿರಿಸುವ ನಾಯಿ ಇತ್ತು. ಬೇಕು ಅನಿಸಿದರೆ ಗುಡ್ಡ ಹತ್ತಬಹುದಿತ್ತು. ಹತ್ತದೇ ಇದ್ದರೂ ಪರವಾಗಿಲ್ಲ, ಹತ್ತಬಹುದು ಅಂತ ಗೊತ್ತಿರುವುದೇ ಮನುಷ್ಯನನ್ನು ಹಿಡಿದು ನಿಲ್ಲಿಸುತ್ತದೆ.

ಕುಶಾವತಿ ಅಣ್ಣ, ನೀವು ಬರೆದದ್ದೆಲ್ಲ ವೈದ್ಯರಿಗೆ ಹೊಸದಲ್ಲ. ಅಮೆರಿಕದ ಸ್ಟುವರ್ಟ್ ಗ್ರಾಸಿಯನ್ ಅನ್ನುವ ಮನೋವೈದ್ಯರು ಒಂಟಿ ಸೆಲ್‌ನ ಕೈದಿಗಳನ್ನು ಮಾತಾಡಿಸಿ 1983ರಲ್ಲೇ ಬರೆದಿದ್ದಾರೆ. ಸಣ್ಣ ಶಬ್ದವೂ ಸಹಿಸಲಾಗದೇ ಇರುವುದು, ಗಮನ ನಿಲ್ಲದೇ ಇರುವುದು, ಭಯ, ಇಲ್ಲದ್ದು ಕೇಳಿಸುವುದು, ಎಲ್ಲ ಅದರಲ್ಲಿದೆ. ತಟ್ಟೆ ಶಬ್ದಕ್ಕೆ ಬೆಚ್ಚುವುದು ಓದಿದ ತಕ್ಷಣ ನನಗೆ ಅದೇ ನೆನಪಾಯಿತು. ನ್ಯೂಯಾರ್ಕ್ ನಗರದ ಜೈಲುಗಳ ಲೆಕ್ಕ 2014ರಲ್ಲಿ ಪ್ರಕಟವಾಯಿತು. ಒಳಗೆ ಬಂದವರಲ್ಲಿ ಒಂಟಿ ಸೆಲ್ ಕಂಡವರು ಶೇ 7.3 ಮಾತ್ರ. ಆದರೆ ತಮಗೆ ತಾವೇ ಗಾಯ ಮಾಡಿಕೊಂಡ ಘಟನೆಗಳಲ್ಲಿ ಶೇ 53.3 ಆ ಗುಂಪಿನವರದ್ದೇ. ಬಿಡುಗಡೆಯಾದ ಮೇಲೂ ಇದು ಬಿಡುವುದಿಲ್ಲ. ನಾರ್ತ್ ಕೆರೊಲಿನಾದಲ್ಲಿ ಜೈಲಿನಿಂದ ಹೊರಬಂದವರನ್ನು ಲೆಕ್ಕ ಹಾಕಿ 2019ರಲ್ಲಿ ಬರೆದರು. ಒಂಟಿ ಸೆಲ್‌ನಲ್ಲಿ ಇದ್ದವರು ಮೊದಲ ವರ್ಷದಲ್ಲೇ ಸಾಯುವ ಸಾಧ್ಯತೆ ಉಳಿದವರಿಗಿಂತ ಶೇ 24 ಜಾಸ್ತಿ.

ಹೆದರಿಸಲು ಹೇಳುತ್ತಿಲ್ಲ. ತಡ ಮಾಡಬೇಡಿ ಅಂತ ಹೇಳುತ್ತಿದ್ದೇನೆ. ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರು ಇದ್ದಾರೆ. ಅಷ್ಟು ದೂರ ಕರೆತರಲು ಆಗದಿದ್ದರೆ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮನೋಚೈತನ್ಯ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಕ್ಲಿನಿಕ್ ಇದೆಯಾ ವಿಚಾರಿಸಿ. ರಾತ್ರಿ ಹೊತ್ತು ಏನಾದರೂ ಕಷ್ಟ ಅನಿಸಿದರೆ ಟೆಲಿ ಮಾನಸ್ ಅನ್ನುವ ಸರ್ಕಾರದ ಸಹಾಯವಾಣಿ ಇದೆ, ಫೋನ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ಮತ್ತೆ ಒಂದು, ಬಾಗಿಲು ತೆರೆದಿರಲಿ. "ಇನ್ನೂ ಎಷ್ಟು ದಿನ ಹೀಗೆ" ಅಂತ ಯಾರೂ ಅನ್ನದಂತೆ ನೋಡಿಕೊಳ್ಳಿ.

ಕುಶಾವತಿ_ತೋಟ

ಅಕ್ಕ, ತುಂಬಾ ಉಪಕಾರ. ಚಿಲಕದ ಮಾತನ್ನು ಚಿಕ್ಕಪ್ಪನಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ, ಎದ್ದು ತೋಟಕ್ಕೆ ಹೋದರು.

ಕರಿ_ಕೋಟು (ಶಿವಮೊಗ್ಗ)

ಕಾನೂನಿನ ಪ್ರಶ್ನೆಗೆ ನಾನು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಏಕಾಂತ ಸೆರೆವಾಸ ಅನ್ನುವುದು ನಮ್ಮ ದಂಡ ಸಂಹಿತೆಯಲ್ಲೇ ಇದ್ದ ಶಿಕ್ಷೆ. ಹಳೆಯ ಐಪಿಸಿಯ 73 ಮತ್ತು 74ನೇ ಕಲಂ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ 11 ಮತ್ತು 12ನೇ ಕಲಂ ಆಗಿ ಹಾಗೇ ಉಳಿದಿದೆ. ಇದನ್ನು ತೆಗೆದುಹಾಕಲು ಒಳ್ಳೆಯ ಅವಕಾಶ ಇತ್ತು, ತೆಗೆಯಲಿಲ್ಲ, ನನಗೆ ಅದು ದುಃಖದ ವಿಷಯ. ಆದರೆ ಅಲ್ಲಿಯೂ ಮಿತಿ ಇದೆ. ಅಪರಾಧ ಸಾಬೀತಾಗಿ ಕಠಿಣ ಶಿಕ್ಷೆ ಆದವರಿಗೆ ಮಾತ್ರ, ಅದೂ ಕೋರ್ಟ್ ಹೇಳಿದರೆ ಮಾತ್ರ. ಒಟ್ಟು ಮೂರು ತಿಂಗಳು ಮೀರುವಂತಿಲ್ಲ. ಒಂದು ಸಲಕ್ಕೆ 14 ದಿನಕ್ಕಿಂತ ಹೆಚ್ಚಿಲ್ಲ, ನಡುವೆ ಅಷ್ಟೇ ದಿನ ಬಿಡುವು ಕೊಡಬೇಕು. ನಿಮ್ಮ ತಮ್ಮ ವಿಚಾರಣಾಧೀನ ಬಂದಿ. ಅವನಿಗೆ ಈ ಶಿಕ್ಷೆ ಅನ್ವಯವೇ ಆಗುವುದಿಲ್ಲ.

ಹಾಗಾದರೆ ಹೇಗೆ ಹಾಕಿದರು? ಜೈಲಿನೊಳಗೆ ಶಿಸ್ತು ಮೀರಿದರೆ ಅಲ್ಲಿಯೇ ಶಿಕ್ಷೆ ಕೊಡುವ ಅಧಿಕಾರ ಬೇರೆ ಇದೆ. ಬ್ರಿಟಿಷರ 1894ರ ಕಾರಾಗೃಹ ಕಾಯ್ದೆಯಲ್ಲಿ ಸೆಲ್‌ನಲ್ಲಿ ಇಡಲು 14 ದಿನದ ಮಿತಿ, ಆಗಲೂ ಬೇರೆ ಕೈದಿಗಳು ಕಣ್ಣಿಗೆ ಕಾಣುತ್ತಿರಬೇಕು. ನಮ್ಮ ರಾಜ್ಯಕ್ಕೆ 1963ರ ಸ್ವಂತ ಕಾಯ್ದೆ ಇದೆ. ಇದೆಲ್ಲದರ ಮೇಲೆ ಸುಪ್ರೀಂ ಕೋರ್ಟ್ ಇದೆ. 1978ರ ಸುನಿಲ್ ಬಾತ್ರಾ ತೀರ್ಪು ಕೇಳಿರಬಹುದು. ತಿಹಾರ್ ಜೈಲಿನಲ್ಲಿ ಗಲ್ಲು ಶಿಕ್ಷೆಯಾದ ಈ ಬಾತ್ರಾನನ್ನು ಮೇಲ್ಮನವಿ ಬಾಕಿ ಇರುವಾಗಲೇ ಒಂಟಿಯಾಗಿ ಇಟ್ಟಿದ್ದರು. ಅದು ತಪ್ಪು ಅಂತ ಸಂವಿಧಾನ ಪೀಠ ಹೇಳಿತು. ಎಲ್ಲ ಮೇಲ್ಮನವಿ, ಕ್ಷಮಾದಾನದ ಅರ್ಜಿ ಮುಗಿಯುವವರೆಗೆ ಅವನು ಗಲ್ಲಿನ ಕೈದಿಯೇ ಅಲ್ಲ ಅಂತ. ಮರುವರ್ಷ, 1979ರಲ್ಲಿ, ಅದೇ ಬಾತ್ರಾ ಇನ್ನೊಬ್ಬ ಕೈದಿಯ ಪರವಾಗಿ ಬರೆದ ಕಾಗದವನ್ನೇ ಕೋರ್ಟ್ ಅರ್ಜಿಯಾಗಿ ತೆಗೆದುಕೊಂಡಿತು. ಒಂಟಿ ಸೆಲ್‌ನಂಥ ಶಿಕ್ಷೆ ಕೊಡುವ ಮುಂಚೆ ಸೆಷನ್ಸ್ ನ್ಯಾಯಾಧೀಶರು ನೋಡಬೇಕು, ತುರ್ತು ಇದ್ದರೆ ಎರಡು ದಿನದೊಳಗೆ ಅವರಿಗೆ ತಿಳಿಸಬೇಕು ಅಂತ ಹೇಳಿತು.

ಹಾಗಾಗಿ ನೀವು ಕೇಳಬೇಕಾದ ಪ್ರಶ್ನೆ ಇಷ್ಟೇ. ಆ 23 ದಿನದ ಬಗ್ಗೆ ಜೈಲಿನ ಶಿಕ್ಷೆ ಪುಸ್ತಕದಲ್ಲಿ ಏನು ಬರೆದಿದೆ? ನ್ಯಾಯಾಧೀಶರಿಗೆ ತಿಳಿಸಿದ್ದಾರಾ? ಡಾಕ್ಟರ್ ನೋಡಿದ್ದಾರಾ? ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ದುಡ್ಡಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಕೋರ್ಟ್ ಆವರಣದಲ್ಲೇ ಇರುತ್ತದೆ. ಫೋನ್ 15100.

ಗಾಜನೂರು_99

ಶಿಕ್ಷೆ ಅಂದರೆ ಶಿಕ್ಷೆ. ಬೇರೆಯವರ ಬೇಲಿಗೆ ಹೋಗಿ ಹೊಡೆದಾಡುವಾಗ ಯೋಚಿಸಬೇಕಿತ್ತು.

ನೋವುಂಡವಳು (ಕೊಪ್ಪ)

ಗಾಜನೂರಿನವರ ಮಾತು ಒರಟು. ಆದರೆ ನಾನೂ ಒಂದು ಮಾತು ಹೇಳಬೇಕು, ಯಾರೂ ತಪ್ಪು ತಿಳಿಯಬೇಡಿ. ನನ್ನ ದೊಡ್ಡಮ್ಮನನ್ನು ಒಂಟಿ ಮನೆಗೆ ನುಗ್ಗಿ, ಕಿವಿಯ ಬೆಂಡೋಲೆಗಾಗಿ ಕೊಂದರು. ಆ ಮನೆಯ ಬಾಗಿಲಿಗೂ ಚಿಲಕ ಒಳಗಡೆಯೇ ಇತ್ತು ಅಕ್ಕ, ಅದು ಅವರನ್ನು ಉಳಿಸಲಿಲ್ಲ. ಕೊಂದವನು ಈಗ ಜೈಲಿನಲ್ಲಿ ನಾಲ್ಕು ಜನರ ಜೊತೆ ಕೂತು ಉಣ್ಣುತ್ತಾನೆ ಅಂತ ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ಬೆಂಗಳೂರಿನ ಆ ಉಮೇಶ್ ರೆಡ್ಡಿಗೆ ಗಲ್ಲು ತಪ್ಪಿದ್ದು ಒಂಟಿ ಸೆಲ್‌ನಲ್ಲಿ ಇಟ್ಟರು ಅನ್ನುವ ಕಾರಣಕ್ಕೇ ಅಲ್ವಾ? ಅವನ ಕೈಯಲ್ಲಿ ಸತ್ತವರ ಮನೆಯವರಿಗೆ ಏನನಿಸಿರಬೇಡ?

ಕರಿ_ಕೋಟು

ಅಮ್ಮಾ, ನಿಮ್ಮ ದೊಡ್ಡಮ್ಮನ ವಿಷಯ ಓದಿ ಸುಮ್ನೆ ಕೂತುಬಿಟ್ಟೆ. ನಿಮ್ಮ ಸಿಟ್ಟಿಗೆ ನಾನು ಎದುರು ವಾದ ಮಾಡುವುದಿಲ್ಲ.

ನೀವು ಹೇಳಿದ ತೀರ್ಪು ನಿಜ. 2022ರ ನವೆಂಬರ್ 4. ಬೆಳಗಾವಿಯ ಜೈಲಿನಲ್ಲಿ ಸುಮಾರು ಹತ್ತು ವರ್ಷ ಒಂಟಿಯಾಗಿ ಇಟ್ಟಿದ್ದರು, ಕಾನೂನು ಬೇಡ ಅಂದಿದ್ದರೂ ಇಟ್ಟಿದ್ದರು. ಅದರಿಂದ ಅವನ ಆರೋಗ್ಯ ಕೆಟ್ಟಿದೆ ಅಂತ ಸುಪ್ರೀಂ ಕೋರ್ಟ್ ಗಲ್ಲನ್ನು ಜೀವಾವಧಿಗೆ ಇಳಿಸಿತು, ಕನಿಷ್ಠ 30 ವರ್ಷ ಒಳಗಿರಬೇಕು ಅಂತಲೂ ಹೇಳಿತು. ಒಂದನ್ನು ಯೋಚಿಸಿ. 1978ರಲ್ಲೇ ಬೇಡ ಅಂದದ್ದನ್ನು ಮಾಡದೇ ಇದ್ದಿದ್ದರೆ ಆ ವಾದಕ್ಕೆ ಜಾಗವೇ ಇರುತ್ತಿರಲಿಲ್ಲ. ನೊಂದವರಿಗೂ ಅದು ಅನ್ಯಾಯವೇ ಆಯಿತು.

ಹಳೇ_ಖಾಕಿ (ಭದ್ರಾವತಿ)

ನಾನು ಜೈಲು ವಾರ್ಡರ್ ಆಗಿ ಕೆಲಸ ಮಾಡಿ ನಿವೃತ್ತನಾದವನು. ಎಲ್ಲೆಲ್ಲಿ ಅಂತ ಹೇಳುವುದಿಲ್ಲ. ಈ ಚರ್ಚೆ ಮಗಳು ತೋರಿಸಿದಳು, ಟೈಪ್ ಮಾಡುತ್ತಿರುವುದೂ ಅವಳೇ, ನಾನು ಹೇಳುತ್ತಿದ್ದೇನೆ.

ಮೊದಲು ಒಂದು ತಿಳಿಯಿರಿ. ಒಂಟಿ ಸೆಲ್‌ಗೆ ಹಾಕುವುದೆಲ್ಲ ಶಿಕ್ಷೆಗಾಗಿ ಅಲ್ಲ. ಬ್ಯಾರಕ್‌ನಲ್ಲಿ ಇವನನ್ನು ಬಿಟ್ಟರೆ ನಾಳೆ ಹೆಣ ಅಂತ ಗೊತ್ತಿರುತ್ತದೆ, ಆಗ ಬೇರೆ ದಾರಿ ಇಲ್ಲ. ಕೆಲವರು ಕೈಮುಗಿದು "ಸಾರ್, ನನ್ನನ್ನು ಒಬ್ಬನೇ ಹಾಕಿ" ಅಂತ ಕೇಳಿದ್ದೂ ಇದೆ. ಇನ್ನು ಹೆಸರುವಾಸಿ ಜನ ಬಂದರೆ ಕಾವಲಿಗೆ ಅನುಕೂಲ ಅಂತ ಬೇರೆ ಇಡುತ್ತಾರೆ. 2024ರ ಆಗಸ್ಟ್‌ನಲ್ಲಿ ಪರಪ್ಪನ ಅಗ್ರಹಾರದಿಂದ ಒಬ್ಬ ನಟರನ್ನು ಬಳ್ಳಾರಿಗೆ ಕಳಿಸಿದಾಗ ಹೈ ಸೆಕ್ಯುರಿಟಿ ಸೆಲ್ ಅನ್ನುವ ಮಾತು ಟಿವಿಯಲ್ಲಿ ದಿನಾ ಬಂತಲ್ಲ, ಜನಕ್ಕೆ ಅದೊಂದು ತಮಾಷೆಯಾಗಿತ್ತು. ನನಗೆ ಆಗಲಿಲ್ಲ. ಕಾರಣ ಏನೇ ಇರಲಿ, ಗೋಡೆ ಅದೇ ಗೋಡೆ. ರಕ್ಷಣೆಗೆ ಇಟ್ಟಿದ್ದೇವೆ ಅಂದರೆ ಆ ಗೋಡೆ ಮಾತಾಡುವುದಿಲ್ಲ.

ನಾನು ಕಂಡದ್ದು ಹೇಳುತ್ತೇನೆ. ಮೊದಲ ಎರಡು ಮೂರು ದಿನ ಕೂಗಾಡುತ್ತಾರೆ, ಬೈಯುತ್ತಾರೆ. ಬೈದರೆ ನಮಗೆ ಸಮಾಧಾನ, ಆಳು ಸರಿ ಇದ್ದಾನೆ ಅಂತ. ಆಮೇಲೆ ಟೈಮ್ ಕೇಳಲು ಶುರು ಮಾಡುತ್ತಾರೆ. ಹೋಗುವಾಗ ಕೇಳುತ್ತಾರೆ, ಬರುವಾಗ ಕೇಳುತ್ತಾರೆ, ಐದು ನಿಮಿಷದ ಹಿಂದೆ ಹೇಳಿದ್ದರೂ ಕೇಳುತ್ತಾರೆ. ಅದು ಟೈಮ್‌ಗಾಗಿ ಅಲ್ಲ ಅಂತ ನನಗೆ ತಿಳಿಯಲು ಎಷ್ಟೋ ವರ್ಷ ಬೇಕಾಯಿತು. ಎಂಟು ಹತ್ತು ದಿನ ಆದ ಮೇಲೆ ಒಂದು ದಿನ ಕೇಳುವುದು ನಿಲ್ಲಿಸುತ್ತಾರೆ. ಆ ದಿನ ನನಗೆ ಭಯ. ಹಾಗೆ ಸುಮ್ಮನಾದವನನ್ನು ರಾತ್ರಿ ಪಾಳಿಯಲ್ಲಿ ಎರಡು ಸಲ ಜಾಸ್ತಿ ಹೋಗಿ ನೋಡುತ್ತಿದ್ದೆ. ಹಾಗೆ ನೋಡಿದ್ದರಿಂದಲೇ ಒಬ್ಬ ಉಳಿದ. ಇನ್ನೊಬ್ಬನ ವೇಳೆಗೆ ನನ್ನ ಪಾಳಿ ಇರಲಿಲ್ಲ.

ಒಬ್ಬನಿದ್ದ, ದಾವಣಗೆರೆ ಕಡೆಯವನು. ಊಟದ ತಟ್ಟೆ ಎಲ್ಲರೂ ಒಟ್ಟಿಗೆ ವಾಪಸ್ ಕೊಟ್ಟರೆ ಇವನು ಕೊಡುತ್ತಿರಲಿಲ್ಲ. "ಇನ್ನೂ ಉಣ್ಣುತ್ತಿದ್ದೇನೆ ಸಾರ್" ಅನ್ನುತ್ತಿದ್ದ. ತಟ್ಟೆ ನೋಡಿದರೆ ಖಾಲಿ. ತಟ್ಟೆ ಒಳಗಿದ್ದರೆ ಅದಕ್ಕಾಗಿ ನಾನು ಇನ್ನೊಂದು ಸಲ ಬರಲೇಬೇಕಲ್ಲ, ಅದಕ್ಕೆ. ಗೊತ್ತಾದ ಮೇಲೆ ನಾನೇ ಮೊದಲ ಸುತ್ತಿನಲ್ಲಿ ಅವನ ತಟ್ಟೆ ಕೇಳುತ್ತಿರಲಿಲ್ಲ. ಎರಡನೇ ಸಲ ಹೋದಾಗ "ಊಟ ಆಯ್ತಾ?" ಅಂತ ಕೇಳುತ್ತಿದ್ದೆ. ಊಟ ಕೊಟ್ಟವನು ನಾನೇ, ಖಾಲಿ ತಟ್ಟೆ ಕಾಣುತ್ತಿದೆ, ಆದರೂ ಕೇಳುತ್ತಿದ್ದೆ. ಅವನು ಅನ್ನ ಹೇಗಿತ್ತು, ಸಾರು ಹೇಗಿತ್ತು, ಅವನ ತಾಯಿ ಬೇಳೆಗೆ ಏನು ಹಾಕುತ್ತಿದ್ದರು, ಎಲ್ಲ ಹೇಳುತ್ತಿದ್ದ. ಸೆಲ್‌ನಲ್ಲಿ ಇದ್ದವರ ಜೊತೆ ಸುಮ್ಮನೆ ಮಾತಾಡುತ್ತಾ ನಿಂತರೆ ಮೇಲಿನವರು ಕೇಳುತ್ತಾರೆ. ಜನ ಕಡಿಮೆ, ಒಬ್ಬನಿಗೆ ಮೂರು ಜನರ ಕೆಲಸ. ಇಷ್ಟೇ ನನ್ನಿಂದ ಆದದ್ದು. ಇನ್ನೂ ಮಾಡಬಹುದಿತ್ತು ಅಂತ ಈಗ ರಾತ್ರಿ ಅನಿಸುತ್ತದೆ.

ತಮ್ಮಾ, ನಿನ್ನ ಚಿಕ್ಕಪ್ಪನಿಗೆ ಹೇಳು. ಹೊಡೆತಕ್ಕಾದರೆ ಬಾಸುಂಡೆ ಬರುತ್ತದೆ, ಡಾಕ್ಟರಿಗೆ ತೋರಿಸಬಹುದು. ಇದಕ್ಕೆ ತೋರಿಸಲು ಏನೂ ಇರುವುದಿಲ್ಲ.

ಬಿಳಿ_ಕೋಟು

ಮೇಷ್ಟ್ರುಗಳು ಕಲಿಸದೇ ಇದ್ದದ್ದನ್ನು ನೀವು ಹೇಳಿದಿರಿ ಸಾರ್. ಟೈಮ್ ಕೇಳುವುದು ನಿಲ್ಲಿಸಿದ ದಿನ ಅನ್ನುವುದನ್ನು ಬರೆದಿಟ್ಟುಕೊಂಡೆ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ ಒಂಟಿ ಸೆರೆ ಅಂದರೆ ದಿನಕ್ಕೆ 22 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು, ಅರ್ಥವಿರುವ ಮನುಷ್ಯ ಸಂಪರ್ಕ ಇಲ್ಲದೆ ಇಡುವುದು. ಸತತ 15 ದಿನ ಮೀರಿದರೆ ಅದು ದೀರ್ಘ, ಅದನ್ನು ಮಾಡಲೇಬಾರದು ಅಂತಿದೆ. ನೀವು ಕೇಳಿದ "ಊಟ ಆಯ್ತಾ" ಆ ಅರ್ಥವಿರುವ ಸಂಪರ್ಕವೇ. ತಟ್ಟೆ ತಳ್ಳುವುದು ಸಂಪರ್ಕ ಅಲ್ಲ.

ಹಳೇ_ಪುಟ (ಶಿಕಾರಿಪುರ)

ನಮ್ಮ ಈಸೂರಿನ ಐದು ಜನರನ್ನು 1943ರ ಮಾರ್ಚ್‌ನಲ್ಲಿ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಿದರು. "ಏಸೂರು ಕೊಟ್ಟರೂ ಈಸೂರು ಕೊಡೆವು" ಅಂತ ಮಕ್ಕಳಿಗೆ ಹೇಳಿಕೊಡುತ್ತೇವೆ. ಗಲ್ಲಿಗೆ ಮುಂಚಿನ ರಾತ್ರಿಗಳ ಬಗ್ಗೆ ಯಾರೂ ಹೇಳಿಕೊಡುವುದಿಲ್ಲ. ಅದೇ ಜೈಲಿನಲ್ಲಿ ತುರ್ತು ಪರಿಸ್ಥಿತಿಯಲ್ಲಿ ಸ್ನೇಹಲತಾ ರೆಡ್ಡಿಯವರನ್ನು ಇಟ್ಟಿದ್ದರು. ಶೃಂಗೇರಿ ಹತ್ತಿರ ಚಿತ್ರೀಕರಣವಾದ "ಸಂಸ್ಕಾರ"ದ ಚಂದ್ರಿ ಅವರೇ. 1976ರ ಮೇನಲ್ಲಿ ಬಂಧನ, ಎಂಟು ತಿಂಗಳು, ಒಂಟಿ ಸೆಲ್, ಜೊತೆಗೆ ಅಸ್ತಮಾ. 1977ರ ಜನವರಿ 15ಕ್ಕೆ ಪೆರೋಲ್ ಮೇಲೆ ಬಿಟ್ಟರು, 20ಕ್ಕೆ ತೀರಿಕೊಂಡರು. ವಿಚಾರಣೆಯೂ ಆಗಿರಲಿಲ್ಲ. ಈಗ ಆ ಜಾಗ ಫ್ರೀಡಂ ಪಾರ್ಕ್. ಹಳೆಯ ಸೆಲ್ ಉಳಿಸಿದ್ದಾರೆ, ಹೋದರೆ ಒಳಗೆ ಐದು ನಿಮಿಷ ನಿಂತು ನೋಡಿ.

ಅಂಡಮಾನಿನ ಸೆಲ್ಯುಲಾರ್ ಜೈಲು ಗೊತ್ತೇ ಇದೆ, 1906ಕ್ಕೆ ಮುಗಿದದ್ದು. ಒಂದು ಸಾಲಿನ ಮುಂಭಾಗ ಇನ್ನೊಂದರ ಬೆನ್ನಿಗೆ ಬರುವಂತೆ ಕಟ್ಟಿದರು, ಎದುರಿನ ಮುಖವೂ ಕಾಣಬಾರದು ಅಂತ. ನನಗೆ ಜಾಸ್ತಿ ಕಾಡುವುದು ಅಮೆರಿಕದ ಫಿಲಡೆಲ್ಫಿಯಾದ್ದು. 1829ರಲ್ಲಿ ಅಲ್ಲಿ ಒಂಟಿ ಸೆಲ್‌ಗಳ ದೊಡ್ಡ ಜೈಲು ತೆರೆದವರು ಕೆಟ್ಟವರಲ್ಲ, ದೇವರಿಗೆ ಹೆದರುವ ಒಳ್ಳೆಯ ಜನ. ಹೊಡೆಯುವುದು ಬೇಡ, ಒಬ್ಬನೇ ಕೂತು ಪಶ್ಚಾತ್ತಾಪ ಪಡಲಿ ಅಂದುಕೊಂಡರು. ನಿಮ್ಮ ಚಿಕ್ಕಪ್ಪ ಅಂದ ಹಾಗೇ, ಊಟ ಇದೆ, ಹೊಡೆತ ಇಲ್ಲ. ಆ ಪದ್ಧತಿ ಬಿಡಲು 1913ರವರೆಗೆ ಹೋಯಿತು.

ಸಾಗರದವಳು

ಇದು ಜೈಲಿನ ವಿಷಯ ಅಲ್ಲ, ಆದರೂ ಬರೆಯುತ್ತೇನೆ. ನಮ್ಮ ಮನೆಯಲ್ಲಿ ಒಂದು ಕೋಣೆ ಇತ್ತು, ಅಟ್ಟಕ್ಕೆ ಹೋಗುವ ಏಣಿಯ ಪಕ್ಕ. ನನ್ನ ಅಪ್ಪನ ಚಿಕ್ಕಪ್ಪ ಅದರಲ್ಲಿ ಇದ್ದರು. ತಲೆ ಸರಿ ಇಲ್ಲ ಅಂತ ಹೊರಗಿನಿಂದ ಬೀಗ. ನಾನು ಸಣ್ಣವಳಿದ್ದಾಗ ಬಾಗಿಲ ಕೆಳಗಿನ ಸಂದಿಯಲ್ಲಿ ಅವರ ಬೆರಳು ಕಾಣುತ್ತಿತ್ತು. ಮನೆಯವರು ಕೆಟ್ಟವರಲ್ಲ, ದಿನಾ ಬಿಸಿ ಅನ್ನ ಕೊಡುತ್ತಿದ್ದರು. ಬರುಬರುತ್ತಾ ಅವರ ಮಾತೇ ನಿಂತುಹೋಯಿತು. ಒಳಗೆ ಹಾಕುವಾಗ ಅವರು ಮಾತಾಡುತ್ತಿದ್ದರಂತೆ, ಯಕ್ಷಗಾನದ ಪದ್ಯ ಹೇಳುತ್ತಿದ್ದರಂತೆ. ಕಾಯಿಲೆಯಿಂದ ಮಾತು ಹೋಯಿತೋ ಕೋಣೆಯಿಂದ ಹೋಯಿತೋ ಅಂತ ಈಗ ಯಾರನ್ನು ಕೇಳಲಿ?

ಕರಿ_ಕೋಟು

ತಂಗಿ, 2017ರ ಮಾನಸಿಕ ಆರೋಗ್ಯ ಕಾಯ್ದೆಯ 97ನೇ ಕಲಂ ಮಾನಸಿಕ ಕಾಯಿಲೆ ಇದ್ದವರನ್ನು ಒಂಟಿಯಾಗಿ ಕೂಡಿಹಾಕುವಂತಿಲ್ಲ ಅನ್ನುತ್ತದೆ. ಜೈಲಿನಲ್ಲಿರುವ ಇಂಥವರನ್ನು ಅಗತ್ಯ ಬಿದ್ದರೆ ಚಿಕಿತ್ಸೆಗೆ ಸಾಗಿಸುವ ಬಗ್ಗೆಯೂ ಅದೇ ಕಾಯ್ದೆಯಲ್ಲಿದೆ. ಕುಶಾವತಿಯವರೇ, ಡಾಕ್ಟರ್ ಚೀಟಿ ಜೋಪಾನವಾಗಿ ಇಟ್ಟುಕೊಳ್ಳಿ. ಕೇಸ್ ಮತ್ತೆ ನಡೆಯುವಾಗ ಬೇಕಾಗುತ್ತದೆ.

ಹಿನ್ನೀರಿನವ (ಹೊಸನಗರ)

ಮೊದಲು ನಾನು ಬರೆದ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ನಿನ್ನೆ ಅಮ್ಮನನ್ನು ಅಜ್ಜಿಯ ಬಗ್ಗೆ ಕೇಳಿದೆ. ಅಜ್ಜಿ ಎರಡು ದಿನಕ್ಕೊಮ್ಮೆ ಮಳೆಯಲ್ಲೂ ಗೊರಬು ಹಾಕಿಕೊಂಡು ಬಸ್ ಬರುವ ಜಾಗಕ್ಕೆ ಹೋಗುತ್ತಿದ್ದರಂತೆ. ಎಲ್ಲಿಗೂ ಹೋಗುವುದಕ್ಕಲ್ಲ. ಬಸ್ ನಿಲ್ಲುತ್ತದೆ, ಕಂಡಕ್ಟರ್ "ಏನಮ್ಮಾ, ಹುಷಾರಾ?" ಅನ್ನುತ್ತಾನೆ, ಬಸ್ ಹೋಗುತ್ತದೆ, ಇವರು ವಾಪಸ್ ಬರುತ್ತಾರೆ. ಹನ್ನೊಂದು ವರ್ಷ. ನನಗೆ ಇದು ಗೊತ್ತೇ ಇರಲಿಲ್ಲ. ಕ್ಷಮಿಸಿ ಅಣ್ಣ.

ನೋವುಂಡವಳು (ಕೊಪ್ಪ)

ಎಲ್ಲ ಓದಿದೆ. ನನ್ನ ಸಿಟ್ಟು ಹೋಗಿಲ್ಲ, ಹೋಗುವುದೂ ಇಲ್ಲ. ಅವನು ಹೊರಗೆ ಬರಬಾರದು, ಅಷ್ಟೇ ನನಗೆ ಬೇಕಾದದ್ದು. ಅವನ ತಲೆ ಕೆಡಿಸಬೇಕು ಅಂತ ನಾನು ಯಾವತ್ತೂ ಕೇಳಿರಲಿಲ್ಲ. ನಿಮ್ಮ ತಮ್ಮ ಹುಷಾರಾಗಲಿ.

ಕುಶಾವತಿ_ತೋಟ

ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ. ಕೊಪ್ಪದ ಅಕ್ಕ, ನಿಮ್ಮ ಮಾತು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ.

ಈಗ ನಮ್ಮಲ್ಲಿ ಅಡಿಕೆ ಸುಲಿತ ನಡೆಯುತ್ತಿದೆ. ಸಂಜೆ ಅಂಗಳದಲ್ಲಿ ಹತ್ತು ಹನ್ನೆರಡು ಜನ ಕೂರುತ್ತಾರೆ. ಇವನನ್ನು ಕರೆಯಲಿಲ್ಲ, ಬಾಗಿಲು ತೆರೆದಿಟ್ಟು ಜಗುಲಿಗೆ ಕಾಣುವಂತೆ ಮೆಟ್ಟುಗತ್ತಿ ಇಟ್ಟೆವು ಅಷ್ಟೇ. ಮೂರನೇ ದಿನ ತಾನೇ ಇಳಿದು ಬಂದು ಕೊನೆಯಲ್ಲಿ ಕೂತ. ಮಾತಿಲ್ಲ. ಸುಲಿಯುವ ಹೆಂಗಸರು ಅವರವರ ಪಾಡಿಗೆ ಮಾತಾಡುತ್ತಿದ್ದರು, ಒಬ್ಬರು "ಎಷ್ಟು ಡಬ್ಬ ಆಯ್ತಪ್ಪ ನಿಂದು?" ಅಂದರು. ಉತ್ತರ ಬರಲು ಹೊತ್ತಾಯಿತು. ಆದರೆ ಅವರು ಕಾದರು, ಬೇರೆ ಕಡೆ ತಿರುಗಲಿಲ್ಲ. "ಅರ್ಧ" ಅಂದ.

ಚಿಕ್ಕಪ್ಪ ಜಗುಲಿಗೆ ಹಾಸಿಗೆ ಹಾಕಿಸಿಕೊಂಡು ಅವನ ಪಕ್ಕದಲ್ಲೇ ಮಲಗುತ್ತಿದ್ದಾರೆ, ಅವರಿಗೆ ಕೆಮ್ಮು ಬೇರೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಹೋಗುತ್ತೇವೆ. ವಕೀಲರೇ, ಮಾಹಿತಿ ಹಕ್ಕಿನ ಅರ್ಜಿ ಬರೆದಿದ್ದೇನೆ, ಶಿಕ್ಷೆ ಪುಸ್ತಕ ಅಂತಲೇ ಬರೆದರೆ ಸಾಕಾ ಅಥವಾ ಅದಕ್ಕೆ ಬೇರೆ ಹೆಸರು ಹಾಕಬೇಕಾ? ತಾರೀಖು ಅವನಿಗೆ ಸರಿ ನೆನಪಿಲ್ಲ, ತಿಂಗಳು ಮಾತ್ರ ಗೊತ್ತು.